ಕಾಫಿ ಹೌಸ್ ಕಾರ್ಮಿಕರ ಕೈಗೆ ಬಂತು, ಚಿನ್ನದ ಗಣಿ ಯಾಕೆ ಬರಲಿಲ್ಲ?

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆ ಮೇಲೆ ಬೆಂಗಳೂರು ಸೇರುತ್ತೆ. ಸುಮಾರು ತೊಂಬತ್ತು ಕಿಲೋಮೀಟರ್ ದಾರಿ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಬದುಕು ನಡೆಯುತ್ತಿರೋದು ಈ ರೈಲನ್ನು ನಂಬಿಕೊಂಡು. ಹಾಗೆ ಬರುವವರಲ್ಲಿ ಕೆಲವರು ಹೋಟೆಲು, ಕೆಫೆಗಳಲ್ಲೂ ದುಡಿಯುತ್ತಾರೆ.

ಬೆಂಗಳೂರಲ್ಲಿ ಈಗ ಬೀದಿಗೊಂದು ‘ಇಂಡಿಪೆಂಡೆಂಟ್’ ಕಾಫಿ ಶಾಪ್ ಇದೆ. ಯಾರಿಂದ ಇಂಡಿಪೆಂಡೆಂಟ್? ದೊಡ್ಡ ಕಂಪನಿಯ ಸರಪಳಿ ಅಂಗಡಿಗಳಿಂದ, ಅಷ್ಟೇ. ಕಾಫಿ ಮಾಡಿಕೊಡುವವರಿಗೆ ಅಂಗಡಿಯ ಮೇಲೆ ಹಕ್ಕಿದೆಯಾ ಅಂತ ನಾವು ಕೇಳೋದೇ ಇಲ್ಲ. ಆ ಪ್ರಶ್ನೆ ಕೇಳಬೇಕಾದರೆ ಚರ್ಚ್ ಸ್ಟ್ರೀಟ್‌ನ ಕಾಫಿ ಹೌಸ್‌ಗೆ ಹೋಗಬೇಕು.

1957ರಲ್ಲಿ ನಡೆದದ್ದು

ಕಾಫಿ ಹೌಸ್‌ಗಳು ಶುರುವಾದದ್ದು 1930ರ ದಶಕದಲ್ಲಿ, ದೇಶದೊಳಗೆ ಕಾಫಿ ಕುಡಿಯುವವರನ್ನು ಹೆಚ್ಚಿಸೋಕೆ. ಆಮೇಲೆ ಅವನ್ನು ನಡೆಸಿದ್ದು ಕಾಫಿ ಬೋರ್ಡ್. 1950ರ ದಶಕದ ನಡುವೆ ಬೋರ್ಡ್ ಇವುಗಳನ್ನು ಮುಚ್ಚಲು ಹೊರಟಾಗ ಮಾಣಿಗಳು, ಅಡುಗೆಯವರು ಬೀದಿಗೆ ಬೀಳುವ ಹಾಗಾಯ್ತು. ಕಮ್ಯುನಿಸ್ಟ್ ಸಂಸದ ಎ.ಕೆ. ಗೋಪಾಲನ್ ಮುಂದಾಳತ್ವದಲ್ಲಿ ಅವರು ಇಟ್ಟ ಬೇಡಿಕೆ ಸರಳ: ಮುಚ್ಚಬೇಡಿ, ನಮಗೆ ಕೊಡಿ. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಕಾರ್ಮಿಕರ ಸಹಕಾರ ಸಂಘ ಹುಟ್ಟಿತು.

ಇಂಥ ಸಂಘದಲ್ಲಿ ದುಡಿಯುವವರೇ ಸದಸ್ಯರು. ಒಬ್ಬರಿಗೆ ಒಂದು ಓಟು. ಆಡಳಿತ ಮಂಡಳಿಯನ್ನು ಅವರೇ ಆರಿಸುತ್ತಾರೆ. ಉಳಿದ ಹಣ ಹೊರಗಿನ ಹೂಡಿಕೆದಾರನ ಜೇಬಿಗೆ ಹೋಗಲ್ಲ. ಹಾಗಂತ ಕಷ್ಟ ಇಲ್ಲ ಅಂತಲ್ಲ. 2009ರಲ್ಲಿ ಎಂ.ಜಿ. ರೋಡಿನ ಹಳೇ ಜಾಗ ಬಿಟ್ಟು ಚರ್ಚ್ ಸ್ಟ್ರೀಟ್‌ಗೆ ಬರಬೇಕಾಯ್ತು. ಅಂಗಡಿ ಕಾರ್ಮಿಕರದ್ದಾದರೂ ಕಟ್ಟಡ ಇನ್ಯಾರದ್ದೋ ಆಗಿದ್ದರೆ ಈ ಭಯ ತಪ್ಪಲ್ಲ. ಆದರೂ ಪೇಟ ಕಟ್ಟಿದ ಮಾಣಿಗಳು ಇವತ್ತಿಗೂ ಅಲ್ಲಿ ಕಾಫಿ, ಕಟ್ಲೆಟ್ ತಂದುಕೊಡುತ್ತಿದ್ದಾರೆ.

ಅದೇ ಹೊತ್ತಿಗೆ ಕೆಜಿಎಫ್‌ನಲ್ಲಿ

1956ರಲ್ಲಿ ಜಾನ್ ಟೇಲರ್ ಕಂಪನಿಯ ಕೈಲಿದ್ದ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. ಆಮೇಲೆ ಅವು ಕೇಂದ್ರದ ಕೈಸೇರಿದವು. 1972ರಲ್ಲಿ ಬಿಜಿಎಂಎಲ್ ಆಯ್ತು. ಅಂದರೆ ಕಾಫಿ ಹೌಸ್ ಕಾರ್ಮಿಕರ ಕೈಗೆ ಬಂದ ಕಾಲದಲ್ಲೇ ಗಣಿ ಸರ್ಕಾರದ ಕೈಗೆ ಹೋಯ್ತು. ಅವತ್ತಿಗೆ ಎರಡೂ ಗೆಲುವಿನ ಹಾಗೇ ಕಂಡಿರಬೇಕು. ವ್ಯತ್ಯಾಸ ಗೊತ್ತಾಗಿದ್ದು 2001ರ ಫೆಬ್ರವರಿ 28ರಂದು, ದೆಹಲಿಯ ತೀರ್ಮಾನದಂತೆ ಗಣಿ ಮುಚ್ಚಿದಾಗ. ನಾವೇ ಸಂಘ ಕಟ್ಟಿಕೊಂಡು ನಡೆಸ್ತೀವಿ ಅಂತ ಕಾರ್ಮಿಕರು ಕೇಳಿದರು, ಕೋರ್ಟಿಗೂ ಹೋದರು. ಗಣಿ ಸಿಗಲಿಲ್ಲ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ ಅನ್ನೋದು ನಿಜ. ಕಾಫಿ ಹೌಸ್‌ಗೆ ಬೇಕಾದ್ದು ಒಲೆ, ಪಾತ್ರೆ, ಬಾಡಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಗಾಳಿ ಕಳಿಸಬೇಕು, ನೀರು ಎತ್ತುತ್ತಲೇ ಇರಬೇಕು. ಅಷ್ಟು ಬಂಡವಾಳ ಲೈನ್ ಮನೆಗಳಲ್ಲಿ ಹುಟ್ಟಲ್ಲ. ಇನ್ನೊಂದು ಕಾರಣ ಸಮಯ. ಕಾಫಿ ಹೌಸ್ ಕೈ ಬದಲಾಗುವಾಗ ವ್ಯಾಪಾರ ಇನ್ನೂ ಜೀವಂತವಾಗಿತ್ತು. ಗಣಿಯಲ್ಲಿ ಪಂಪ್ ನಿಂತಿತು, ಸುರಂಗಕ್ಕೆ ನೀರು ತುಂಬಿತು. ಆಮೇಲೆ ವರ್ಷಗಟ್ಟಲೆ ವಾದ ನಡೆದರೂ ವಾಪಸ್ ಪಡೆಯೋಕೆ ಉಳಿದದ್ದು ಕಡಿಮೆ.

ಈಗ ಯಾಕೆ ಈ ಮಾತು?

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಕೆಜಿಎಫ್‌ನ 13 ಸೈನೈಡ್ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಈ ದಿಬ್ಬಗಳು ನೆಲದ ಮೇಲಿವೆ. ಮೂರು ಕಿಲೋಮೀಟರ್ ಇಳಿಯಬೇಕಿಲ್ಲ, ನೀರೆತ್ತಬೇಕಿಲ್ಲ. ಕಾರ್ಮಿಕರಿಂದ ಆಗಲ್ಲ ಅನ್ನೋಕೆ ಇದ್ದ ದೊಡ್ಡ ಕಾರಣ ಇಲ್ಲಿ ಸಡಿಲವಾಗುತ್ತೆ. ಯಂತ್ರಕ್ಕೆ, ತಂತ್ರಜ್ಞಾನಕ್ಕೆ ಹಣ ಬೇಕು, ಸರಿ. ಆದರೆ ಹಣ ಹಾಕುವವರಿಗೆ ಪಾಲು ಇರೋದಾದರೆ, ಆ ಮಣ್ಣನ್ನು ಮೇಲೆ ತಂದವರ ಮನೆಗಳಿಗೆ, ಗಾಳಿ ಬೀಸಿದಾಗೆಲ್ಲ ಅದರ ದೂಳು ಕುಡಿದವರಿಗೆ ಯಾಕಿಲ್ಲ?

1957ರ ಮಾಣಿಗಳು ಬಾಗಿಲು ಮುಚ್ಚುವ ಮುಂಚೆ ಕೇಳಿದ್ದರು. ದಿಬ್ಬಗಳ ವಿಷಯದಲ್ಲಿ ಕೇಳಬೇಕಾದ್ದು ಟೆಂಡರ್‌ನ ಷರತ್ತು ಬರೆಯುವಾಗಲೇ. ಗುತ್ತಿಗೆ ಕೈಸೇರಿದ ಮೇಲೆ ಕೆಜಿಎಫ್ ಹುಡುಗರಿಗೆ ಉಳಿಯೋದು ಮತ್ತದೇ ಬೆಳಗಿನ ರೈಲು.