ಹಿಮ ಬಾರದ ಹೇಮಂತ

ಉತ್ತರ ಯೂರೋಪಿನವರ ಪಾಲಿಗೆ ಚಳಿಗಾಲವೆಂದರೆ ಬಿಳಿಯ ಹೊದಿಕೆ. 2019ರ ಡಿಸೆಂಬರಿನಿಂದ 2020ರ ಫೆಬ್ರವರಿಯವರೆಗೆ ಅನೇಕ ಊರುಗಳು ಅದನ್ನು ಕಾಣಲೇ ಇಲ್ಲ, ಕಂಡದ್ದು ಮಳೆಯನ್ನು. ಖಂಡದ ಸರಾಸರಿ ಉಷ್ಣಮಾನವು 1981–2010ರ ಚಳಿಗಾಲಗಳಿಗಿಂತ 3.4 ಡಿಗ್ರಿಯಷ್ಟು ಏರಿತ್ತು. ಧ್ರುವವನ್ನು ಸುತ್ತುವ ಗಾಳಿಯು ಅಸಾಮಾನ್ಯ ಬಿರುಸಿನಿಂದ ಬೀಸಿ ಶೀತವನ್ನು ಅಲ್ಲಿಯೇ ಕಟ್ಟಿಹಾಕಿತು. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ತೇವಗಾಳಿ ಒಳನಾಡಿಗೆ ನುಗ್ಗಿತು. ಮಾಸ್ಕೋ ನಗರವು ಹೊಸ ವರ್ಷದ ಸಡಗರಕ್ಕೆ ಕೃತಕ ಹಿಮವನ್ನು ಲಾರಿಗಳಲ್ಲಿ ತರಿಸಿತು. ಚಳಿಗೆ ಹೆಸರಾದ ರಾಜಧಾನಿಗೆ ಇದಕ್ಕಿಂತ ಮುಜುಗರವುಂಟೆ?

ನಿಜವಾದ ನಷ್ಟ ಜರ್ಮನಿಯ ದ್ರಾಕ್ಷಿ ಬೆಳೆಗಾರನದು. ಅಲ್ಲಿ ‘ಐಸ್‌ವೈನ್’ ಎಂಬ ಮಧುರವಾದ ದ್ರಾಕ್ಷಾಸವವುಂಟು. ಇದಕ್ಕಾಗಿ ಮಾಗಿದ ಗೊಂಚಲುಗಳನ್ನು ಸುಗ್ಗಿ ಮುಗಿದ ಮೇಲೂ ಬಳ್ಳಿಯಲ್ಲಿಯೇ ಬಿಡುತ್ತಾರೆ. ಉಷ್ಣಮಾನ ಶೂನ್ಯಕ್ಕಿಂತ 7 ಡಿಗ್ರಿ ಕೆಳಗಿಳಿದು ಹಣ್ಣು ಕಲ್ಲಿನಂತೆ ಹೆಪ್ಪುಗಟ್ಟಿದಾಗ, ಬೆಳಗಿನ ಬಿಸಿಲು ತಾಗುವ ಮುನ್ನವೇ ಕಿತ್ತು ಹಿಂಡಬೇಕು. ನೀರಿನಂಶ ಮಂಜುಗಡ್ಡೆಯಾಗಿ ಉಳಿದು, ಜೇನಿನಂಥ ರಸವಷ್ಟೇ ತೊಟ್ಟಿಕ್ಕುತ್ತದೆ. ಹಕ್ಕಿಗಳ ಕಾಟ, ಕೊಳೆಯುವ ಭಯ ಎಲ್ಲವನ್ನೂ ಸಹಿಸಿ ಒಂದೇ ಒಂದು ರಾತ್ರಿಗಾಗಿ ಕಾಯುವ ಜೂಜು ಇದು!

2019ರ ಫಸಲಿಗೆ ಆ ರಾತ್ರಿ ಬರಲೇ ಇಲ್ಲ. ದೇಶದ 13 ದ್ರಾಕ್ಷಿ ಸೀಮೆಗಳಲ್ಲಿ ಒಂದರಲ್ಲಿಯೂ ಬೇಕಾದಷ್ಟು ಚಳಿ ಬೀಳಲಿಲ್ಲವೆಂದು ಜರ್ಮನ್ ವೈನ್ ಸಂಸ್ಥೆಯು 2020ರ ಮಾರ್ಚಿನಲ್ಲಿ ಸಾರಿತು. ದೇಶದಲ್ಲೆಲ್ಲಿಯೂ ಐಸ್‌ವೈನ್ ಕೈಗೂಡದೆ ಹೋದದ್ದು ಅದೇ ಮೊದಲು.