ಸದಲಗದ ಪ್ರಾಕೃತ ಪಂಡಿತ

ಚಿಕ್ಕೋಡಿ ಸೀಮೆಯ ಸದಲಗದಲ್ಲಿ 1906ರಲ್ಲಿ ಜನಿಸಿದ ಆದಿನಾಥ ನೇಮಿನಾಥ ಉಪಾಧ್ಯೆಯವರ ನಾಮಧೇಯವು ಪ್ರಾಕೃತವನ್ನು ವ್ಯಾಸಂಗಮಾಡುವ ದೇಶವಿದೇಶಗಳ ವಿದ್ವಾಂಸರಿಗೆ ಎಷ್ಟು ಚಿರಪರಿಚಿತವೋ, ನೆರೆಹೊರೆಯ ನಿಪ್ಪಾಣಿ, ರಾಯಬಾಗ, ಅಥಣಿಗಳ ಸಾಮಾನ್ಯ ಓದುಗರಿಗೆ ಅಷ್ಟು ಪರಿಚಿತವಾಗಿಲ್ಲವೆಂಬುದು ನನಗೆ ವ್ಯಥೆಯನ್ನುಂಟುಮಾಡುವ ಸಂಗತಿ. 1930ರಿಂದ 1962ರವರೆಗೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನಲಂಕರಿಸಿ, ಕಡೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತಗಳ ಪ್ರಾಧ್ಯಾಪಕರಾಗಿದ್ದು, 1975ರಲ್ಲಿ ನಿಧನಹೊಂದಿದ ಅವರ ಜೀವನವೃತ್ತಾಂತವನ್ನು ಹೇಳುವುದು ಸುಲಭ. ಅವರ ಬರವಣಿಗೆಯು ಇತರರ ಬರವಣಿಗೆಯೊಳಗೆ ಎಷ್ಟು ದೂರ ವ್ಯಾಪಿಸಿದೆಯೆಂಬುದನ್ನು ಗುರುತಿಸುವುದು ಅಷ್ಟು ಸುಲಭವಲ್ಲ.

ಗ್ರಂಥಗಳ ಪಟ್ಟಿಯೇನೋ ದೀರ್ಘವಾದುದು. 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’, 1937ರಲ್ಲಿ ಅಪಭ್ರಂಶದ ‘ಪರಮಾತ್ಮಪ್ರಕಾಶ’, 1943ರಲ್ಲಿ ಹರಿಷೇಣನ ‘ಬೃಹತ್ಕಥಾಕೋಶ’, 1949ರಲ್ಲಿ ‘ಲೀಲಾವತೀ’, ಅನಂತರ ಎರಡು ಭಾಗಗಳಲ್ಲಿ ‘ಕುವಲಯಮಾಲಾ’ — ಇವೆಲ್ಲವೂ ಅವರ ಸಂಪಾದಕತ್ವದಲ್ಲಿ ಬೆಳಕು ಕಂಡುವು. ಪರರ ಕೃತಿಯನ್ನು ಶುದ್ಧಪಡಿಸಿ ಅಚ್ಚುಹಾಕಿಸಿದುದರಲ್ಲಿ ಸ್ವಂತ ಪ್ರತಿಭೆಯೇನೆಂದು ಕೇಳುವವರು ಈ ಗ್ರಂಥಗಳ ಪ್ರಸ್ತಾವನೆಗಳನ್ನು ಓದಬೇಕು. ‘ಬೃಹತ್ಕಥಾಕೋಶ’ದ ಪ್ರಸ್ತಾವನೆಯಲ್ಲಿ ‘ಭಗವತೀ ಆರಾಧನಾ’ದ ಗಾಹೆಗಳಿಂದ ಕವಲೊಡೆದ ಕಥಾಪರಂಪರೆಯನ್ನು ಅವರು ಬಿಡಿಸಿ ತೋರಿದರಷ್ಟೆ, ಆ ಪರಂಪರೆಯಲ್ಲಿ ನಮ್ಮ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಸ್ಥಾನವೂ ಸ್ಪಷ್ಟವಾದುದರಿಂದ, ಆ ಕನ್ನಡ ಗದ್ಯಕೃತಿಯ ಮೂಲವನ್ನು ವಿಚಾರಿಸುವವರು ಇಂದಿಗೂ ಆ ಪುಟಗಳನ್ನು ತಿರುವದೆ ಮುಂದುವರಿಯಲಾರರು.

ಅವರ ಕಾರ್ಯವಿಧಾನಕ್ಕೆ ‘ವರಾಂಗಚರಿತ’ವೇ ಉತ್ತಮ ನಿದರ್ಶನ. ಕೊಲ್ಲಾಪುರದ ಲಕ್ಷ್ಮೀಸೇನ ಮಠದ ತಾಳೆಯೋಲೆಗಳಲ್ಲಿ ಅವರಿಗೆ ದೊರೆತ ಆ ಮೂವತ್ತೊಂದು ಸರ್ಗಗಳ ಸಂಸ್ಕೃತ ಕಾವ್ಯದಲ್ಲಿ ಕವಿಯ ಹೆಸರೇ ಇರಲಿಲ್ಲ. ಊಹೆಗೆ ಎಡೆಗೊಡದೆ ಅವರು ಸಾಕ್ಷಿಗಳನ್ನರಸಿದರು: ಚಾವುಂಡರಾಯನು ತನ್ನ ಕನ್ನಡ ಪುರಾಣದಲ್ಲಿ ಜಟಾಸಿಂಹನಂದಿಯದೆಂದು ಉದ್ಧರಿಸಿದ ಶ್ಲೋಕವು ಈ ಓಲೆಗಳಲ್ಲಿ ಕಂಡುಬಂದಿತು, ಉದ್ದ್ಯೋತನಸೂರಿಯು ಕ್ರಿ.ಶ. 779ರಲ್ಲಿ ‘ಕುವಲಯಮಾಲಾ’ದೊಳಗೆ ಆ ಜಟಾಸಿಂಹನಂದಿಯನ್ನೇ ಜಟಿಲಕವಿಯೆಂದು ಸ್ಮರಿಸಿದ್ದನು, ಕೊಪ್ಪಳದ ಬಂಡೆಯ ಮೇಲೆ ಅದೇ ಆಚಾರ್ಯರ ಪಾದಗಳೂ ಕನ್ನಡ ಲೇಖವೂ ಇದ್ದುವು. ಕನ್ನಡ ಪುರಾಣ, ಪ್ರಾಕೃತ ಕಥೆ, ಶಿಲಾಶಾಸನ ಈ ಮೂರನ್ನೂ ಒಬ್ಬನೇ ಓದಬಲ್ಲವನಾಗಿದ್ದರಿಂದಲ್ಲವೇ ಆ ಅನಾಮಧೇಯ ಕಾವ್ಯವು ತನ್ನ ಕವಿಯನ್ನು ಮರಳಿ ಪಡೆದುದು! 1938ರಲ್ಲಿ ಅದು ಮುದ್ರಿತವಾಯಿತು. ಸಾಕ್ಷಿಯಾಗಿ ಒದಗಿದ ‘ಕುವಲಯಮಾಲಾ’ವನ್ನು ಅವರೇ ಎರಡು ದಶಕಗಳ ತರುವಾಯ ಸಂಪಾದಿಸಿದುದು ಅವರ ವಿದ್ಯಾವ್ಯಾಸಂಗದ ಅಖಂಡತೆಗೆ ಕುರುಹು.

ಆದರೆ ನನ್ನ ಮಟ್ಟಿಗೆ, ಈ ಬೃಹದ್ಗ್ರಂಥಗಳೆಲ್ಲಕ್ಕಿಂತ ಮಿಗಿಲಾದುದು 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಯಾಪನೀಯ ಸಂಘವನ್ನು ಕುರಿತು ಅವರು ಬರೆದ ಒಂದು ಲೇಖನ. ಯಾಪನೀಯ ಮುನಿಗಳು ದಿಗಂಬರರಂತೆ ನಗ್ನರಾಗಿದ್ದರೂ ಶ್ವೇತಾಂಬರರಂತೆ ಸ್ತ್ರೀಯರಿಗೂ ಮೋಕ್ಷವುಂಟೆಂದು ಒಪ್ಪಿದವರು. ಎರಡು ಪಂಥಗಳ ನಡುವೆ ನಿಂತು, ಕಾಲಾಂತರದಲ್ಲಿ ಹೆಸರಿಲ್ಲದಂತೆ ಮರೆಯಾದವರು. ಅವರ ಚರಿತ್ರೆಯು ಬಹುಮಟ್ಟಿಗೆ ನಮ್ಮ ನೆಲದ ಚರಿತ್ರೆ. ಐದನೆಯ ಶತಮಾನದ ಕದಂಬ ಮೃಗೇಶವರ್ಮನ ಹಲಸಿಯ ತಾಮ್ರಪಟದಲ್ಲಿ ಅವರಿಗೆ ದತ್ತಿಯಿದೆ; 1394ರ ಕಾಗವಾಡದ ಶಾಸನವು, ನೆಲದೊಳಗಿನ ಬಸದಿಯೊಂದರಲ್ಲಿ, ಯಾಪನೀಯ ಸಂಘದ ನೇಮಿಚಂದ್ರಾದಿ ಆಚಾರ್ಯರನ್ನು ಹೆಸರಿಸುತ್ತದೆ. ಒಂಬತ್ತು ಶತಮಾನಗಳ ಇತಿಹಾಸದ ಎರಡು ತುದಿಗಳೂ ಬೆಳಗಾವಿ ಜಿಲ್ಲೆಯಲ್ಲಿಯೇ ಇವೆ! ತಾರುಣ್ಯದಲ್ಲಿ ಕೈಗೊಂಡ ಈ ವಿಷಯವನ್ನು ಉಪಾಧ್ಯೆಯವರು ಬಿಡಲಿಲ್ಲ. ಬಾಳಿನ ಸಂಧ್ಯಾಕಾಲದಲ್ಲಿ ಪುಣೆಯ ಭಾಂಡಾರಕರ ಸಂಸ್ಥೆಯ ಪತ್ರಿಕೆಗೆ ಮತ್ತಷ್ಟು ಶಾಸನಗಳ ಆಧಾರದಿಂದ ಇನ್ನೊಂದು ಲೇಖನವನ್ನು ಬರೆದರು. ಬಳಿಕ ಹಂಪ ನಾಗರಾಜಯ್ಯನವರು ಕನ್ನಡದಲ್ಲಿಯೂ, ಸಾಗರಮಲ ಜೈನರು ಹಿಂದಿಯಲ್ಲಿಯೂ ಯಾಪನೀಯರನ್ನು ಕುರಿತು ವಿಸ್ತಾರವಾಗಿ ಬರೆದರು. ಮೂಡುಬಿದಿರೆಯ ಬಳಿಯ ನೆಲ್ಲಿಕಾರಿನಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಅಧ್ಯಾಪಕರಾದ ಪದ್ಮನಾಭ ಜೈನಿಯವರು ಸ್ತ್ರೀಮುಕ್ತಿಯ ವಾದವಿವಾದಗಳನ್ನು ಇಂಗ್ಲಿಷಿಗೆ ತಂದು 1991ರಲ್ಲಿ ಪ್ರಕಟಿಸಿದಾಗ, ಅವುಗಳಲ್ಲಿ ಯಾಪನೀಯನಾದ ಶಾಕಟಾಯನನ ಪ್ರಕರಣಗ್ರಂಥವೂ ಸೇರಿದ್ದಿತು.