ಸರ್ವರ್ ಇಲ್ಲದ ಊರಿನ ಕಂಪ್ಯೂಟರ್ ಕಟ್ಟಳೆ

ವಿಂಡೋಸ್ ಕಂಪ್ಯೂಟರಿನಲ್ಲಿ ಯಾರು ಏನು ಮಾಡಬಹುದು, ಏನು ಮಾಡಕೂಡದು ಎಂದು ಗೊತ್ತುಮಾಡುವ ಸೆಟ್ಟಿಂಗ್‌ಗಳಿಗೆ ಪಾಲಿಸಿ ಎನ್ನುತ್ತಾರೆ. ಪೆನ್‌ಡ್ರೈವ್ ತೆರೆಯಬೇಕೇ ಬೇಡವೇ, ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು, ವಾಲ್‌ಪೇಪರ್ ಬದಲಿಸಬಹುದೇ ಎಂಬುದೆಲ್ಲ ಇದರಲ್ಲೇ ಬರುತ್ತದೆ. ದೊಡ್ಡ ಕಚೇರಿಗಳಲ್ಲಿ ಇವನ್ನು ಒಂದೇ ಕಡೆಯಿಂದ ಎಲ್ಲ ಯಂತ್ರಗಳಿಗೂ ಕಳಿಸಲು ಆಕ್ಟಿವ್ ಡೈರೆಕ್ಟರಿ ಇರುತ್ತದೆ. ವಿಂಡೋಸ್ 2000ದೊಂದಿಗೆ ಬಂದ ಈ ಏರ್ಪಾಡಿಗೆ ಹಗಲಿರುಳು ಓಡುವ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಆಳೂ ಬೇಕು.

ಹನುಮಪ್ಪನ ಗುಡಿಗೆ ಹೆಸರಾದ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರಿಗೆ ಅದು ಹೊರಲಾರದ ಭಾರ. ಶಾಲೆಯ ಲ್ಯಾಬ್, ಸಹಕಾರಿ ಸಂಘ, ಈಗ ಅರಿವು ಕೇಂದ್ರ ಎನಿಸಿಕೊಂಡಿರುವ ಪಂಚಾಯ್ತಿ ಗ್ರಂಥಾಲಯ ಇಂಥ ಕಡೆ ಪ್ರತಿ ಕಂಪ್ಯೂಟರೂ ಒಂಟಿಯೇ. ಒಂದೊಂದರ ಮುಂದೂ ಕೂತು ಪಾಲಿಸಿ ತಿದ್ದುವ ಸಾಧನವಾದ ಜಿಪಿಎಡಿಟ್ ತೆರೆದು ಮೌಸ್ ಒತ್ತುತ್ತ ಹೋದರೆ ಹತ್ತನೆಯ ಯಂತ್ರಕ್ಕೆ ಬರುವಷ್ಟರಲ್ಲಿ ಒಂದೆರಡು ಸೆಟ್ಟಿಂಗ್ ಬಿಟ್ಟುಹೋಗಿರುತ್ತವೆ. ಹೋಮ್ ಆವೃತ್ತಿಯಲ್ಲಂತೂ ಜಿಪಿಎಡಿಟ್ಟೇ ಇಲ್ಲ. ಆದ್ದರಿಂದ ಖರೀದಿಯ ಹೊತ್ತಿನಲ್ಲೇ ಪ್ರೊ ಅಥವಾ ಎಜುಕೇಶನ್ ಆವೃತ್ತಿ ಕೇಳುವುದು ಒಳ್ಳೆಯದು.

ಜಿಪಿಎಡಿಟ್‌ನಲ್ಲಿ ಆರಿಸಿದ ಬಹುಪಾಲು ಆಯ್ಕೆಗಳು ಸಿಸ್ಟಮ್32ರೊಳಗಿನ ಗ್ರೂಪ್‌ಪಾಲಿಸಿ ಫೋಲ್ಡರಿನಲ್ಲಿ ರಿಜಿಸ್ಟ್ರಿ.ಪಾಲ್ ಎಂಬ ಫೈಲಿಗೆ ಸೇರುತ್ತವೆ. ಅಲ್ಲಿಂದ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಗೆ ಇಳಿಯುತ್ತವೆ. ಈ ಫೈಲನ್ನು ಬಿಟ್ಟು ನೇರವಾಗಿ ರಿಜಿಸ್ಟ್ರಿಯನ್ನೇ ತಿದ್ದುವ ಅಡ್ಡದಾರಿ ಜನಪ್ರಿಯ. ಕೆಲಸವೇನೋ ಆಗುತ್ತದೆ, ಆದರೆ ಜಿಪಿಎಡಿಟ್‌ನಲ್ಲಿ ಆ ಸೆಟ್ಟಿಂಗ್ ಮುಟ್ಟಿಲ್ಲದಂತೆಯೇ ಕಾಣುತ್ತದೆ. ಮುಂದೆ ಬಂದವರಿಗೆ ಯಾರು, ಎಲ್ಲಿ ತಡೆ ಹಾಕಿದರೆಂದು ಹುಡುಕುವುದೇ ಕೆಲಸ. ಪಾಸ್‌ವರ್ಡಿನ ಉದ್ದದಂಥ ಭದ್ರತಾ ನಿಯಮಗಳದ್ದು ಬೇರೆ ದಾರಿ: ಅವು ರಿಜಿಸ್ಟ್ರಿ.ಪಾಲ್‌ಗೆ ಬರುವುದಿಲ್ಲ, ಸೆಕ್‌ಎಡಿಟ್ ಎಂಬ ಸಾಧನದ ಟೆಂಪ್ಲೇಟ್ ಮೂಲಕ ಹೋಗುತ್ತವೆ.

ಈ ಎರಡು ಬಗೆಯ ನಿಯಮಗಳನ್ನೂ ನಿಭಾಯಿಸುವುದು ಮೈಕ್ರೋಸಾಫ್ಟ್ ಪುಕ್ಕಟೆಯಾಗಿ ಕೊಡುವ ಎಲ್‌ಜಿಪಿಒ ಎಂಬ ಸಾಧನ. ಒಂದು ಯಂತ್ರವನ್ನು ಬೇಕಾದ ಹಾಗೆ ಸಜ್ಜುಗೊಳಿಸಿ, ಇದರಿಂದ ಬ್ಯಾಕಪ್ ತೆಗೆದು, ಪೆನ್‌ಡ್ರೈವಿನಲ್ಲಿ ಒಯ್ದು ಉಳಿದವಕ್ಕೆ ಹಾಕಬಹುದು. ಅದಕ್ಕಿಂತ ಚೊಕ್ಕಟವಾದದ್ದು ಪಠ್ಯದ ಫೈಲ್. ಅದರಲ್ಲಿ ಒಂದು ಸೆಟ್ಟಿಂಗಿಗೆ ನಾಲ್ಕೇ ಸಾಲು: ನಿಯಮ ಕಂಪ್ಯೂಟರಿಗೋ ಬಳಕೆದಾರರಿಗೋ ಎಂಬುದು, ರಿಜಿಸ್ಟ್ರಿಯಲ್ಲಿ ಅದರ ಹಾದಿ, ಅದರ ಹೆಸರು, ಕೊನೆಗೆ ಬೆಲೆ. ನೋಟ್‌ಪ್ಯಾಡಿನಲ್ಲೇ ಓದಬಹುದು, ತಿದ್ದಬಹುದು, ಕಳೆದ ವರ್ಷದ್ದಕ್ಕೆ ಹೋಲಿಸಿ ನೋಡಬಹುದು. ಟಾಸ್ಕ್ ಶೆಡ್ಯೂಲರಿನಲ್ಲಿ ಸಿಸ್ಟಮ್ ಖಾತೆಯ ಹೆಸರಿನಲ್ಲಿ ಒಂದು ಕೆಲಸ ಹಚ್ಚಿಟ್ಟರೆ, ಯಂತ್ರ ಚಾಲೂ ಆದಾಗಲೆಲ್ಲ ಅದೇ ಫೈಲ್ ಮತ್ತೆ ಜಾರಿಯಾಗುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ವಿಸ್ಟಾ ಕಾಲದಿಂದ ಅಡ್ಮಿನ್ ಅಲ್ಲದವರಿಗೆ ಮಾತ್ರ ತಾಗುವ ಪ್ರತ್ಯೇಕ ಲೋಕಲ್ ಪಾಲಿಸಿಯೂ ಇದೆ. ಶಾಲೆಯ ಲ್ಯಾಬಿಗೆ ಇದು ಹೇಳಿಮಾಡಿಸಿದ್ದು: ಮಕ್ಕಳ ಖಾತೆಗೆ ಕಂಟ್ರೋಲ್ ಪ್ಯಾನೆಲ್ ಮುಚ್ಚಿರುತ್ತದೆ, ಮೇಷ್ಟ್ರ ಖಾತೆಗೆ ತೆರೆದಿರುತ್ತದೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳದ್ದು ಇನ್ನೊಂದು ಬಗೆ. ಐಟಿ@ಸ್ಕೂಲ್ ಯೋಜನೆಯಿಂದ 2017ರಲ್ಲಿ ರೂಪುಗೊಂಡ ಕೈಟ್ ಸಂಸ್ಥೆ ಉಬುಂಟು ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನೇ ಶಾಲೆಗಳಿಗೆ ಹೊಂದಿಸಿ ಕೊಡುತ್ತದೆ. ಹೀಗಾಗಿ ಹಲವು ಆಯ್ಕೆಗಳು ಅನುಸ್ಥಾಪನೆಯಲ್ಲೇ ಬಂದಿರುತ್ತವೆ. ಲಿನಕ್ಸಿನ ಸೆಟ್ಟಿಂಗ್‌ಗಳು ಮೊದಲಿಂದಲೂ ಬಹುಮಟ್ಟಿಗೆ ಪಠ್ಯದ ಫೈಲುಗಳೇ ಆದ್ದರಿಂದ ಅವನ್ನು ನಕಲಿಸಿ ಹಂಚುವುದು ಸುಲಭ.

ಮತ್ತೆ ವಿಂಡೋಸ್‌ಗೆ ಬಂದರೆ, ಎಲ್‌ಜಿಪಿಒ ಕೈಯಲ್ಲಿ ಆಗದ್ದು ಒಂದಿದೆ. ಲ್ಯಾಬಿನಲ್ಲಿ ಎಲ್ಲರೂ ಅಡ್ಮಿನ್ ಖಾತೆಯಲ್ಲೇ ಕೂತರೆ ಪಾಲಿಸಿಯನ್ನು ಹಾಕಿದಷ್ಟೇ ಸಲೀಸಾಗಿ ತೆಗೆಯಲೂಬಹುದು. ಹಾಗಾಗಿ ಬಳಕೆದಾರರನ್ನು ಸಾಮಾನ್ಯ ಖಾತೆಗೆ ಇಳಿಸಿ, ಅಡ್ಮಿನ್ ಪಾಸ್‌ವರ್ಡನ್ನು ಜವಾಬ್ದಾರಿ ಹೊತ್ತವರಿಗೆ ಒಪ್ಪಿಸಿದ ಮೇಲೆಯೇ ಫೈಲ್ ಜಾರಿ ಮಾಡಬೇಕು.